ಹಳೇ ಡ್ಯಾಂ ರಿಪೇರಿ: ಯಾವ ಕೆಲಸಕ್ಕೆ ಯಾವ ಪರಿಸರ ಅನುಮತಿ ಬೇಕು? ಅಚ್ಚುಕಟ್ಟಿನ ರೈತರಿಗೆ ಒಂದು ಪಾಠ



ಪ್ರತಿ ವಾರ ಬೀಜ, ಗೊಬ್ಬರ, ರೋಗ-ಕೀಟದ ಬಗ್ಗೆ ಮಾತಾಡ್ತೀವಿ. ಈ ವಾರ ಸ್ವಲ್ಪ ಮೇಲಕ್ಕೆ, ಕಾಲುವೆ ಹಿಡಿದು ಡ್ಯಾಂವರೆಗೂ ಹೋಗಿ ಬರೋಣ. ಯಾಕಂದ್ರೆ ನಮ್ಮ ನಾಡಿನ ಹಲವು ಜಲಾಶಯಗಳಿಗೆ ಈಗ ಐವತ್ತು, ಅರವತ್ತು, ಎಪ್ಪತ್ತು ವರ್ಷ ವಯಸ್ಸು. ಗೇಟು ಬದಲಾಯಿಸಬೇಕು, ಗೋಡೆಯ ಸೋರಿಕೆ ನಿಲ್ಲಿಸಬೇಕು, ಹೂಳು ತೆಗೀಬೇಕು. ಇಂಥ ಕೆಲಸದ ಸುದ್ದಿ ಬಂದ ಕೂಡಲೇ ಹೋಟೆಲ್ ಕಟ್ಟೆಯಲ್ಲಿ ಎರಡು ಮಾತು ಕೇಳಿಬರುತ್ತೆ. ಒಂದು, "ಪರಿಸರದವರು ಫೈಲ್ ತಡೆದಿದ್ದಾರೆ ಕಣ್ರೀ." ಇನ್ನೊಂದು, "ರಿಪೇರಿ ತಾನೇ, ಅದಕ್ಕೇನು ಪರ್ಮಿಷನ್ನು?"

ಕೆಲಸ ಯಾವುದು ಅಂತ ನೋಡದೆ ಹೇಳಿದ್ರೆ ಎರಡೂ ಮಾತು ತಪ್ಪಾಗಬಹುದು. ಕಾನೂನು ಏನು ಹೇಳುತ್ತೆ ಅಂತ ನಮಗೆ ಗೊತ್ತಿದ್ರೆ ಯಾರು ಕಾರಣ ಹೇಳ್ತಿದ್ದಾರೆ, ಯಾರು ನೆಪ ಹೇಳ್ತಿದ್ದಾರೆ ಅಂತ ಅರ್ಥ ಆಗುತ್ತೆ. ಇದರಲ್ಲಿ ನಮ್ಮ ಒಂದು ಬೆಳೆಯ ಪ್ರಶ್ನೆ ಇದೆ.

ತುಂಗಭದ್ರಾ ಡ್ಯಾಂನಲ್ಲಿ ಆಗಿದ್ದೇನು?

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಚೈನು ತುಂಡಾಗಿ ಕೊಚ್ಚಿಕೊಂಡು ಹೋಯ್ತು. ಮುಂಗಾರಿನ ಮಧ್ಯೆ, ಡ್ಯಾಂ ತುಂಬಿದ್ದ ಹೊತ್ತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಹೆಸರು ಆಗ ಮನೆಮಾತಾಯ್ತು. ಆದರೂ ಅಷ್ಟರೊಳಗೆ ಹತ್ತಾರು ಟಿಎಂಸಿ ನೀರು ಹೊಳೆ ಪಾಲಾಗಿತ್ತು.

ಈ ಡ್ಯಾಂನಿಂದ ಕಾಲುವೆಗೆ ನೀರು ಹರಿದಿದ್ದು 1953ರಲ್ಲಿ. ಒಟ್ಟು 33 ಗೇಟು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಒಂದು ಹೋದ ಮೇಲೆ ಉಳಿದವುಗಳ ಬಗ್ಗೆಯೂ ಸಂಶಯ ಬಂತು. 2025ರ ಮುಂಗಾರಿನಲ್ಲಿ ನೀರಿನ ಸಂಗ್ರಹವನ್ನು 80 ಟಿಎಂಸಿಗೆ ಸೀಮಿತ ಮಾಡಿದರು. ಎಲ್ಲ ಗೇಟು ಬದಲಾಯಿಸೋ ಕೆಲಸಕ್ಕಾಗಿ ಆ ವರ್ಷ ಎರಡನೇ ಬೆಳೆಗೆ ನೀರಿಲ್ಲ ಅಂತ ನೀರಾವರಿ ಸಲಹಾ ಸಮಿತಿ ತೀರ್ಮಾನಿಸಿತು.

ನೀರು ಯಾಕೆ ಖಾಲಿ ಮಾಡ್ಬೇಕು? ಲೆಕ್ಕ ಸರಳ. ಜಲಾಶಯದ ಪೂರ್ಣ ಮಟ್ಟ 1633 ಅಡಿ. ಗೇಟಿನ ಎತ್ತರ 20 ಅಡಿ. ಅಂದ್ರೆ ಗೇಟು ಕೂರುವ ಕಟ್ಟೆ ಇರೋದು 1613 ಅಡಿಯಲ್ಲಿ. ನೀರು ಅದಕ್ಕಿಂತ ಕೆಳಗೆ ಇಳಿದ ಮೇಲೇ ಗೇಟು ಬಿಚ್ಚಿ ಹೊಸದು ಕೂರಿಸೋದು ಸಲೀಸು. ಮುಂಗಾರು ಬಂದ್ರೆ ಕೆಲಸ ಬಂದ್. ಹಾಗಾಗಿ ಸಿಗೋದು ಹೆಚ್ಚೆಂದ್ರೆ ಚಳಿಗಾಲದಿಂದ ಮೇ ಕೊನೆವರೆಗಿನ ಕೆಲವೇ ತಿಂಗಳು. ಯಾವುದೋ ಒಂದು ಅನುಮತಿ ಪತ್ರ ಈ ತಿಂಗಳುಗಳಲ್ಲಿ ಸಿಕ್ಕಿಹಾಕ್ಕೊಂಡ್ರೆ ನಷ್ಟ ಎರಡು ತಿಂಗಳದ್ದಲ್ಲ, ಇಡೀ ಒಂದು ವರ್ಷದ್ದು. ಇನ್ನೊಂದು ಸಲ ನೀರು ಇಳಿಸ್ಬೇಕು, ಇನ್ನೊಂದು ಎರಡನೇ ಬೆಳೆ ಬಿಡಬೇಕಾಗಬಹುದು.

ಎರಡು ಡ್ಯಾಂ, ಎರಡೂ ಕಡೆ ಗೇಟಿನದ್ದೇ ಮಾತು

ಈಗ ಪಾಠದ ಮುಖ್ಯ ಭಾಗಕ್ಕೆ ಬರೋಣ. ತುಂಗಭದ್ರಾದಲ್ಲಿ ಹಳೇ ಗೇಟು ತೆಗೆದು ಅಷ್ಟೇ ಎತ್ತರದ ಹೊಸ ಗೇಟು ಹಾಕಿದ್ರೆ ನೀರು ನಿಲ್ಲುವ ಮಟ್ಟ ಮೊದಲಿನದೇ, 1633 ಅಡಿ. ಹೊಸದಾಗಿ ಒಂದು ಗುಂಟೆಯೂ ಮುಳುಗೋದಿಲ್ಲ.

ಆಲಮಟ್ಟಿ ನೋಡಿ. ಅಲ್ಲಿ 26 ಗೇಟುಗಳಿವೆ. ಅವುಗಳ ಎತ್ತರ ಹೆಚ್ಚಿಸಿ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವುದು ಕೃಷ್ಣಾ ಮೇಲ್ದಂಡೆ ಮೂರನೇ ಹಂತದ ಯೋಜನೆ. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತ್ತು. ಕೆಲಸ ಕಾಣೋದು ಕಬ್ಬಿಣದ ಗೇಟಿನ ಮೇಲೆ. ಆದ್ರೆ ಐದು ಮೀಟರ್‌ಗೂ ಕಡಿಮೆ ಏರಿಕೆಗೆ ಹಿನ್ನೀರಿನಲ್ಲಿ ಮುಳುಗೋ ಭೂಮಿ ಸುಮಾರು 75 ಸಾವಿರ ಎಕರೆ. ಹಳ್ಳಿಗಳು, ಬಾಗಲಕೋಟೆ ಪಟ್ಟಣದ ಭಾಗಗಳು, ಬಾವಿ, ತೋಟ ಎಲ್ಲ ಅದರಲ್ಲಿ ಬರುತ್ತೆ.

ಆದ್ದರಿಂದ ಡ್ಯಾಂ ಕೆಲಸ ಅಂದ ಕೂಡಲೇ ಕಬ್ಬಿಣ, ಸಿಮೆಂಟು, ಟೆಂಡರ್ ಮೊತ್ತ ನೋಡೋಕೆ ಮೊದಲು ನೀರಿನ ಗೆರೆ ನೋಡಿ. ನೀರು ನಿಲ್ಲುವ ಮಟ್ಟ ಬದಲಾಗುತ್ತಾ? ಅಚ್ಚುಕಟ್ಟು ಹೆಚ್ಚಾಗುತ್ತಾ? ಹೊಸ ಭೂಮಿ ಬೇಕಾ? ಈ ಮೂರಕ್ಕೂ "ಇಲ್ಲ" ಅಂದ್ರೆ ಅನುಮತಿಯ ದಾರಿ ಚಿಕ್ಕದು. ಒಂದಕ್ಕೆ "ಹೌದು" ಅಂದ್ರೂ ದಾರಿ ಉದ್ದ ಆಗುತ್ತೆ, ಆಗಲೂಬೇಕು.

ನಾಲ್ಕು ಥರದ ಕೆಲಸ, ನಾಲ್ಕು ಥರದ ಅನುಮತಿ

ಇದಕ್ಕೆಲ್ಲ ಮೂಲ 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ 2006ರ ಸೆಪ್ಟೆಂಬರ್ 14ರಂದು ಹೊರಟ ಅಧಿಸೂಚನೆ. ಕಚೇರಿಗಳಲ್ಲಿ ಇದನ್ನು ಇಐಎ ಅಧಿಸೂಚನೆ ಅಂತಾರೆ. ಇದರಡಿ ಸಿಗೋ ಒಪ್ಪಿಗೆಗೆ ಪರಿಸರ ಅನುಮತಿ, ಅಥವಾ ಇಸಿ ಅಂತ ಹೆಸರು.

*1. ಇದ್ದದ್ದನ್ನು ಇದ್ದ ಹಾಗೇ ಸರಿಪಡಿಸೋದು.* ಗೇಟು, ಚೈನು, ಮೋಟಾರ್ ಬದಲಾವಣೆ, ಗೋಡೆಯ ಸೋರಿಕೆಗೆ ಗ್ರೌಟಿಂಗ್, ಏರಿಯ ಕಲ್ಲು ಹಾಸು ಸರಿ ಮಾಡೋದು. ನೀರಿನ ಮಟ್ಟ, ಅಚ್ಚುಕಟ್ಟು ಹೆಚ್ಚಾಗದಿದ್ದರೆ ಸಾಮಾನ್ಯವಾಗಿ ಇಸಿ ಬೇಕಾಗೋದಿಲ್ಲ. ಇಂಥ ಕೆಲಸಕ್ಕೆ "ಪರಿಸರ ಅನುಮತಿ ಬಂದಿಲ್ಲ" ಅಂತ ಯಾರಾದ್ರೂ ಹೇಳಿದ್ರೆ, ಯಾವ ಅನುಮತಿ, ಯಾವ ತಾರೀಕಿಗೆ ಅರ್ಜಿ ಹಾಕಿದ್ರಿ ಅಂತ ಕೇಳಿ.

*2. ಎತ್ತರ ಅಥವಾ ಅಚ್ಚುಕಟ್ಟು ಹೆಚ್ಚಿಸೋದು.* ಇದು ವಿಸ್ತರಣೆ. ಅಧಿಸೂಚನೆಯ ಮಿತಿ ದಾಟಿದ್ರೆ ಕೆಲಸ ಶುರು ಮಾಡೋ ಮೊದಲೇ ಇಸಿ ಪಡೀಬೇಕು. ಅಚ್ಚುಕಟ್ಟು 50,000 ಹೆಕ್ಟೇರ್ ಅಥವಾ ಹೆಚ್ಚು ಇದ್ರೆ ಕೇಂದ್ರ ಪರಿಸರ ಸಚಿವಾಲಯದ ತಜ್ಞರ ಸಮಿತಿ ನೋಡುತ್ತೆ. ಅದಕ್ಕಿಂತ ಚಿಕ್ಕವು ರಾಜ್ಯ ಮಟ್ಟದ ಪ್ರಾಧಿಕಾರಕ್ಕೆ ಹೋಗುತ್ತವೆ. 2,000 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಸಣ್ಣ ನೀರಾವರಿಗೆ ಇಸಿಯಿಂದ ವಿನಾಯಿತಿ ಇದೆ.

*3. ಹೂಳು ತೆಗೆಯೋದು.* 2016ರ ಜನವರಿಯ ತಿದ್ದುಪಡಿಯಲ್ಲಿ ಇಸಿ ಬೇಡದ ಕೆಲಸಗಳ ಒಂದು ಪಟ್ಟಿ ಸೇರಿಸಿದ್ದಾರೆ. ಡ್ಯಾಂ, ಬ್ಯಾರೇಜ್, ಕಾಲುವೆಗಳ ನಿರ್ವಹಣೆಗಾಗಿ ಹೂಳೆತ್ತೋದು ಅದರಲ್ಲಿದೆ. ನರೇಗಾದಲ್ಲಿ ಅಥವಾ ಊರವರೇ ಸೇರಿ ಕೆರೆ ಹೂಳೆತ್ತೋದೂ ಇದೆ. ನೆರೆ ಬಂದು ಹೊಲದಲ್ಲಿ ನಿಂತ ಮರಳನ್ನು ರೈತ ತೆಗೆಯೋದೂ ಇದೆ. ಗಮನಿಸಿ, ವಿನಾಯಿತಿ ಕೊಟ್ಟಿರೋದು ನಿರ್ವಹಣೆಗೆ. ಹೂಳಿನ ಹೆಸರಲ್ಲಿ ಮರಳು ವ್ಯಾಪಾರ ಶುರುವಾದ್ರೆ ಆ ರಕ್ಷಣೆ ಉಳಿಯೋದಿಲ್ಲ, ಗಣಿ ನಿಯಮಗಳು ಬರುತ್ತವೆ.

*4. ಪಕ್ಕದಲ್ಲಿ ಹೊಸ ಜಲಾಶಯ ಕಟ್ಟೋದು.* ಹೂಳಿನಿಂದ ತುಂಗಭದ್ರಾದ ಸಾಮರ್ಥ್ಯ ಮೊದಲಿದ್ದ ಸುಮಾರು 133 ಟಿಎಂಸಿಯಿಂದ 105.788 ಟಿಎಂಸಿಗೆ ಇಳಿದಿದೆ. ಆ ಕೊರತೆ ತುಂಬೋಕೆ ಕೊಪ್ಪಳ ಜಿಲ್ಲೆಯ ನವಲಿ ಹತ್ತಿರ ಸಮತೋಲನ ಜಲಾಶಯದ ಪ್ರಸ್ತಾವ ಇದೆ. ಇಂಥದ್ದು ರಿಪೇರಿ ಲೆಕ್ಕಕ್ಕೆ ಬರೋದಿಲ್ಲ. ಹೊಸ ಯೋಜನೆಗೆ ಏನೇನು ಬೇಕೋ ಎಲ್ಲ ಬೇಕು, ಭೂಸ್ವಾಧೀನವೂ ಸೇರಿ.

"ನವಲಿ ಯಾಕೆ, ಹೂಳನ್ನೇ ತೆಗೀರಿ" ಅಂತ ಬಹಳ ಜನ ಕೇಳ್ತಾರೆ. ಒಂದು ಸಣ್ಣ ಲೆಕ್ಕ ಹಾಕಿ. ಒಂದು ಟಿಎಂಸಿ ಅಂದ್ರೆ ಸುಮಾರು 2.83 ಕೋಟಿ ಘನ ಮೀಟರ್. 27 ಟಿಎಂಸಿ ಹೂಳು ಅಂದ್ರೆ ಸುಮಾರು 76 ಕೋಟಿ ಘನ ಮೀಟರ್. ಒಂದು ಟಿಪ್ಪರ್‌ಗೆ 10 ಘನ ಮೀಟರ್ ಅಂದ್ಕೊಳ್ಳಿ, 7.6 ಕೋಟಿ ಲೋಡು. ದಿನಕ್ಕೆ 10,000 ಲೋಡು, ಒಂದು ದಿನವೂ ಬಿಡದೆ ಹೊಡೆದ್ರೂ 20 ವರ್ಷ ದಾಟುತ್ತೆ. ಅಷ್ಟರಲ್ಲಿ ಹೊಸ ಹೂಳು ಬಂದು ಸೇರಿರುತ್ತೆ. ಅನುಮತಿ ಸುಲಭವಾಗಿದೆ ಅಂದ ಮಾತ್ರಕ್ಕೆ ಕೆಲಸವೂ ಸುಲಭ ಅಂತಲ್ಲ.

ಇಸಿ ಬೇಡ ಅಂದ್ರೆ ಬೇರೇನೂ ಬೇಡ ಅಂತ ಅರ್ಥ ಅಲ್ಲ

ಮೊದಲ ಥರದ ಕೆಲಸದಲ್ಲಿ ಗುತ್ತಿಗೆದಾರರು ಜಾರಿಕೊಳ್ಳೋದು ಇಲ್ಲೇ. ಗೇಟು ಬದಲಾವಣೆ ಅಂದ್ರೆ ಹಳೇ ಬಣ್ಣ ಕೆರೆಯೋದು, ವೆಲ್ಡಿಂಗ್, ಡೀಸೆಲ್ ಜನರೇಟರ್, ಕಾಂಕ್ರೀಟ್ ಪ್ಲಾಂಟ್, ನೂರಾರು ಕಾರ್ಮಿಕರ ಶೆಡ್ಡು. ಇವು ಎಲ್ಲವೂ ಹೊಳೆಯ ತಲೆಯ ಮೇಲೇ ನಡೆಯುತ್ತೆ.

- ಬಣ್ಣ ಮತ್ತು ಎಣ್ಣೆ: ದಶಕಗಳ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು. ಕೆರೆಯೋ ಮೊದಲು ಪರೀಕ್ಷೆ ಮಾಡಿಸ್ಬೇಕು, ಪುಡಿ ನೀರಿಗೆ ಬೀಳದಂತೆ ಪರದೆ ಕಟ್ಟಬೇಕು. ಬಳಸಿದ ಎಣ್ಣೆಗೆ 2016ರ ಅಪಾಯಕಾರಿ ತ್ಯಾಜ್ಯ ನಿಯಮ ಇದೆ. ಅಧಿಕೃತ ಸಂಸ್ಕರಣಾಗಾರರಿಗೇ ಕೊಡಬೇಕು.
- ಪ್ಲಾಂಟು, ಕ್ರಷರ್: ಕಾಂಕ್ರೀಟ್ ಪ್ಲಾಂಟು, ಜಲ್ಲಿ ಕ್ರಷರ್ ಹಾಕಿದ್ರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ ಎರಡೂ ಅನ್ವಯ. ಹೊಸ ಕಲ್ಲು ಕ್ವಾರಿ ತೆರೆದ್ರೆ ಆ ಕ್ವಾರಿಗೆ ಬೇರೆಯೇ ಇಸಿ.
- ಕಾಡು: ರಸ್ತೆಗೋ, ಸಾಮಾನು ಇಡೋಕೋ ಅರಣ್ಯ ಭೂಮಿ ಬಳಸಿದ್ರೆ 1980ರ ಅರಣ್ಯ ಕಾಯ್ದೆಯಡಿ ಒಪ್ಪಿಗೆ ಬೇಕು. ಲಕ್ಕವಳ್ಳಿಯ ಭದ್ರಾ ಡ್ಯಾಂ ಥರ ಹುಲಿ ಸಂರಕ್ಷಿತ ಪ್ರದೇಶಕ್ಕೆ ಅಂಟಿಕೊಂಡ ಕಡೆ ವನ್ಯಜೀವಿ ಕಾಯ್ದೆಯನ್ನೂ ನೋಡಬೇಕು.
- ಹೊಳೆಯ ಜೀವಿಗಳು: ತುಂಗಭದ್ರಾ ಡ್ಯಾಂ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ಮೇಲಿಂದ ಬೀಳೋ ಬಣ್ಣದ ಪುಡಿ, ಸಿಮೆಂಟು ನೀರು ಮೊದಲು ಸೇರೋದು ಅಲ್ಲಿನ ಮೀನಿಗೆ. ಆಮೇಲೆ ಅದೇ ಹೊಳೆಯಿಂದ ಪಂಪು ಹಚ್ಚಿ ನೀರೆತ್ತೋ ನಮ್ಮ ಬಾಳೆ ತೋಟಕ್ಕೂ, ಊರ ಕುಡಿಯೋ ನೀರಿಗೂ.

ಸಾಲ ಕೊಡೋ ಸಂಸ್ಥೆಯ ಷರತ್ತೂ ಇರುತ್ತೆ. ವಿಶ್ವಬ್ಯಾಂಕ್ ನೆರವಿನ ಡ್ಯಾಂ ಪುನಶ್ಚೇತನ ಯೋಜನೆ, ಅಂದ್ರೆ ಡ್ರಿಪ್, ಮೊದಲ ಹಂತದಲ್ಲಿ 7 ರಾಜ್ಯಗಳ 223 ಡ್ಯಾಂಗಳಲ್ಲಿ ಕೆಲಸ ಮಾಡಿತು, ಕರ್ನಾಟಕವೂ ಅದರಲ್ಲಿತ್ತು. ಮುಂದಿನ ಹಂತಗಳಿಗೆ 19 ರಾಜ್ಯಗಳ 736 ಡ್ಯಾಂಗಳನ್ನು ಗುರುತಿಸಿದ್ದಾರೆ. ಇದರಲ್ಲಿ ಇಸಿ ಬೇಡದ ಕೆಲಸಕ್ಕೂ ಪರಿಸರ ಮತ್ತು ಸಾಮಾಜಿಕ ನಿರ್ವಹಣಾ ಯೋಜನೆ ಬರೀಬೇಕು, ದೂರು ಕೇಳೋ ವ್ಯವಸ್ಥೆ ಇಡಬೇಕು. ನಿಮ್ಮ ಡ್ಯಾಂ ಡ್ರಿಪ್‌ನಲ್ಲಿದ್ರೆ ಆ ಯೋಜನೆಯ ಪ್ರತಿ ಕೇಳಿ.

ಇಸಿ ಬೇಕಾದಾಗ ಫೈಲ್ ಹೋಗೋ ದಾರಿ

ಹಂತ ನಾಲ್ಕು. ಮೊದಲು ಯೋಜನೆ ಯಾವ ವರ್ಗಕ್ಕೆ ಸೇರುತ್ತೆ ಅಂತ ವಿಂಗಡಣೆ. ನಂತರ ಏನೇನು ಅಧ್ಯಯನ ಮಾಡ್ಬೇಕು ಅಂತ ಪಟ್ಟಿ. ಮೂರನೇದು ಸಾರ್ವಜನಿಕ ಆಲಿಕೆ. ಕೊನೆಗೆ ತಜ್ಞರ ಸಮಿತಿಯ ಪರಿಶೀಲನೆ.

ಮೂರನೇ ಹಂತ ನಮ್ಮದು. ಆಲಿಕೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯ ಪತ್ರಿಕೆ ಆಗಿರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಗಳಲ್ಲಿ ನೋಡೋಕೆ ಇಟ್ಟಿರಬೇಕು. ಸಭೆ ನಡೆಸೋದು ಮಾಲಿನ್ಯ ನಿಯಂತ್ರಣ ಮಂಡಳಿ, ಅಧ್ಯಕ್ಷತೆ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ. ಇಡೀ ಸಭೆಯ ವಿಡಿಯೋ ಆಗಬೇಕು. ಬಾಯಲ್ಲಿ ಹೇಳೋಕೆ ಆಗದವರು ಬರೆದು ಕೊಡಬಹುದು.

ಇಲ್ಲೊಂದು ಸಣ್ಣ ಅಕ್ಷರದ ವಿಷಯ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಅದೇ 2006ರ ಅಧಿಸೂಚನೆ ನೀರಾವರಿ ಯೋಜನೆಗಳ "ಆಧುನೀಕರಣ"ಕ್ಕೆ ಸಾರ್ವಜನಿಕ ಆಲಿಕೆಯಿಂದ ವಿನಾಯಿತಿ ಕೊಟ್ಟಿದೆ. ಹಾಗಾಗಿ ನಿಮ್ಮ ಕಾಲುವೆ ಅಥವಾ ಡ್ಯಾಂ ಕೆಲಸದ ಕಡತದಲ್ಲಿ "ಆಧುನೀಕರಣ" ಅಂತ ಬರೆದಿದ್ದಾರೋ "ವಿಸ್ತರಣೆ" ಅಂತ ಬರೆದಿದ್ದಾರೋ ನೋಡಿ. ಆ ಒಂದು ಪದದ ಮೇಲೆ ನಿಮಗೆ ಮೈಕ್ ಸಿಗುತ್ತೋ ಇಲ್ಲವೋ ನಿಂತಿರುತ್ತೆ. ಆಧುನೀಕರಣ ಅಂತ ಬರೆದು ಒಳಗೆ ನೀರಿನ ಮಟ್ಟ ಏರಿಸಿದ್ರೆ ಅದನ್ನು ಪ್ರಶ್ನಿಸಬೇಕು.

ಸುರಕ್ಷತೆಯ ಕಾನೂನು ಬೇರೆ ಇದೆ

2021ರ ಡ್ಯಾಂ ಸುರಕ್ಷತಾ ಕಾಯ್ದೆ ಆ ವರ್ಷದ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. 15 ಮೀಟರ್‌ಗಿಂತ ಎತ್ತರದ ಡ್ಯಾಂಗಳೆಲ್ಲ ಇದರಡಿ ಬರುತ್ತವೆ. 10ರಿಂದ 15 ಮೀಟರ್ ನಡುವಿನವು ಕೆಲವು ಷರತ್ತಿಗೆ ಒಳಪಟ್ಟು ಬರುತ್ತವೆ. ಮುಂಗಾರಿಗೆ ಮೊದಲು ಒಂದು, ನಂತರ ಒಂದು ತಪಾಸಣೆ ಕಡ್ಡಾಯ. ಕಾಯ್ದೆ ಜಾರಿಯಾದ ಐದು ವರ್ಷದೊಳಗೆ ತುರ್ತು ಕ್ರಿಯಾ ಯೋಜನೆ ಸಿದ್ಧ ಮಾಡ್ಬೇಕು. ಗೇಟು ಹೋದ್ರೆ ಯಾವ ಊರಿಗೆ ಎಷ್ಟು ಹೊತ್ತಿಗೆ ನೀರು ಬರುತ್ತೆ, ಯಾರು ಯಾರಿಗೆ ಫೋನ್ ಮಾಡ್ಬೇಕು ಅನ್ನೋದು ಅದರಲ್ಲಿರುತ್ತೆ. ಪರಿಸರ ಅನುಮತಿ ತಡ ಆಗಿದೆ ಅಂತ ಈ ತಪಾಸಣೆ ಬಿಡೋ ಹಾಗಿಲ್ಲ.

ಮೊಬೈಲ್‌ನಲ್ಲೇ ನೋಡೋದು ಹೇಗೆ?

1. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ ತೆರೆಯಿರಿ. ಪರಿಸರ, ಅರಣ್ಯ, ವನ್ಯಜೀವಿ ಮೂರೂ ಅರ್ಜಿಗಳು ಇದರಲ್ಲೇ ಹೋಗುತ್ತವೆ. ರಾಜ್ಯ ಕರ್ನಾಟಕ, ವಿಭಾಗ ರಿವರ್ ವ್ಯಾಲಿ ಅಂತ ಆರಿಸಿ ಹುಡುಕಿ. ಅರ್ಜಿ ಹಾಕಿದ ತಾರೀಕು, ಈಗ ಯಾರ ಟೇಬಲ್ ಮೇಲಿದೆ ಅನ್ನೋದು ತಿಳಿಯುತ್ತೆ. ಅಲ್ಲಿ ಅರ್ಜಿಯೇ ಕಾಣದಿದ್ರೆ "ಪರಿಸರದವರು ತಡೆದಿದ್ದಾರೆ" ಅನ್ನೋ ಮಾತನ್ನು ಸುಮ್ನೆ ನಂಬಬೇಡಿ.
2. ಇಸಿ ಸಿಕ್ಕ ಯೋಜನೆ ಆದ್ರೆ ಷರತ್ತು ಪಾಲನೆ ವರದಿಯನ್ನು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು. ಅದನ್ನು ಡೌನ್‌ಲೋಡ್ ಮಾಡಿ ಓದಿ. ಇಸಿ ಪತ್ರದ ತಾರೀಕನ್ನೂ ನೋಡಿ: ನದಿ ಕಣಿವೆ ಯೋಜನೆಗಳ ಇಸಿ ಅವಧಿ 2022ರ ತಿದ್ದುಪಡಿ ಪ್ರಕಾರ 13 ವರ್ಷ.
3. ಸಿಗದಿದ್ರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ರಾಜ್ಯದ ಕಚೇರಿಗಳಿಗೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬೇಡಿ.
4. ಕೊಟ್ಟ ಇಸಿ ಸರಿಯಿಲ್ಲ ಅನ್ನಿಸಿದ್ರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ 30 ದಿನದೊಳಗೆ ಮೇಲ್ಮನವಿ. ಸರಿಯಾದ ಕಾರಣ ಇದ್ರೆ ಇನ್ನೂ 60 ದಿನ ಸಿಗಬಹುದು, ಆಮೇಲೆ ಬಾಗಿಲು ಮುಚ್ಚುತ್ತೆ. ನಮಗೆ ಚೆನ್ನೈ ಪೀಠ.

ಸಭೆಯಲ್ಲಿ ಕೇಳಬೇಕಾದ ಆರು ಪ್ರಶ್ನೆ

ನೀರು ಬಳಕೆದಾರರ ಸಂಘದ ಸಭೆಗೋ, ಸಲಹಾ ಸಮಿತಿ ಸದಸ್ಯರ ಹತ್ತಿರಕ್ಕೋ ಹೋಗುವಾಗ ಇದನ್ನು ಬರ್ಕೊಂಡು ಹೋಗಿ:

- ಪೂರ್ಣ ಜಲ ಮಟ್ಟ ಬದಲಾಗುತ್ತಾ? ಬದಲಾದ್ರೆ ಎಷ್ಟು?
- ಯಾವ್ಯಾವ ಅನುಮತಿ ಬೇಕು, ಯಾವುದು ಬಂದಿದೆ, ಬಾಕಿ ಇರೋದಕ್ಕೆ ಅರ್ಜಿ ಹಾಕಿದ ತಾರೀಕು ಯಾವುದು?
- ಎಷ್ಟು ತಿಂಗಳು ಕಾಲುವೆ ಬಂದ್? ಆ ತೀರ್ಮಾನ ನಾಟಿಗೆ ಎಷ್ಟು ದಿನ ಮೊದಲು ತಿಳಿಸ್ತೀರಿ?
- ಕೆಲಸದ ಹೊತ್ತಿನಲ್ಲಿ ಹೊಳೆಗೆ, ಕುಡಿಯೋ ನೀರಿಗೆ ಎಷ್ಟು ಬಿಡ್ತೀರಿ?
- ಹಳೇ ಬಣ್ಣ, ಎಣ್ಣೆ, ಕಾಂಕ್ರೀಟ್ ಕಸ ಎಲ್ಲಿಗೆ ಹೋಗುತ್ತೆ?
- ಮಳೆ ಬೇಗ ಬಂದು ಕೆಲಸ ಅರ್ಧಕ್ಕೆ ನಿಂತ್ರೆ ಏನು ಏರ್ಪಾಡು?

ಎರಡನೇ ಪ್ರಶ್ನೆಯನ್ನು ಮುಂಗಾರು ಹೊತ್ತಿಗೇ, ಅಂದ್ರೆ ಜುಲೈ-ಆಗಸ್ಟ್‌ನಲ್ಲೇ ಕೇಳಿ. ಡಿಸೆಂಬರ್‌ನಲ್ಲಿ ಕೇಳಿದ್ರೆ ಆಗಲೇ ತಡ ಆಗಿರುತ್ತೆ.

ಹೂಳು ಹೊಲಕ್ಕೆ ಹಾಕೋರಿಗೆ ಎರಡು ಮಾತು

ತೋಟಗಾರಿಕೆ ಓದಿ ಸಾವಯವ ಮಾಡ್ತಿರೋನಾಗಿ ಇದನ್ನು ಹೇಳ್ದೆ ಮುಗಿಸೋಕೆ ಮನಸ್ಸಿಲ್ಲ. ಹೂಳು ಪುಕ್ಕಟೆ ಸಿಗುತ್ತೆ ಅಂತ ಕಣ್ಣು ಮುಚ್ಚಿ ಹಾಕಬೇಡಿ. ಮರಳು ಮಿಶ್ರಿತ ಕೆಂಪು ಮಸಾರಿ ಭೂಮಿಗೆ ಜೇಡಿ ಹೂಳು ಒಳ್ಳೇದು, ತೇವ ಹಿಡಿದಿಡುತ್ತೆ. ಎರೆ ಭೂಮಿಗೆ ಅದೇ ಹೂಳು ಹಾಕಿದ್ರೆ ಮೊದಲೇ ಬಸಿಯದ ನೀರು ಇನ್ನೂ ನಿಲ್ಲುತ್ತೆ. ಹಾಕೋ ಮೊದಲು ಒಂದು ಕೆಜಿ ಮಾದರಿ ತಗೊಂಡು ಕೃಷಿ ವಿಜ್ಞಾನ ಕೇಂದ್ರದಲ್ಲಿ ರಸಸಾರ ಮತ್ತು ಲವಣಾಂಶ ಪರೀಕ್ಷೆ ಮಾಡಿಸಿ. ಪಟ್ಟಣದ ಚರಂಡಿ ಅಥವಾ ಕಾರ್ಖಾನೆ ನೀರು ಸೇರೋ ಕೆರೆಯ ಹೂಳಾದ್ರೆ ಭಾರ ಲೋಹದ ಪರೀಕ್ಷೆಯೂ ಬೇಕು. ಸಾವಯವ ಪ್ರಮಾಣಪತ್ರ ಇರೋರು ಹೂಳು ಎಲ್ಲಿಂದ, ಯಾವಾಗ ತಂದಿದ್ದು ಅಂತ ಡೈರಿಯಲ್ಲಿ ಬರೆದಿಡಿ.

ಕೊನೆಗೆ ಒಂದೇ ಮಾತು ನೆನಪಿಟ್ಕೊಳ್ಳಿ: ನೀರಿನ ಗೆರೆ ಏರಿದ್ರೆ ಅನುಮತಿ ದೊಡ್ಡದು, ಗೆರೆ ಅಲ್ಲೇ ಇದ್ರೆ ಚಿಕ್ಕದು, ಆದ್ರೆ ಏನೂ ಬೇಡದ ಡ್ಯಾಂ ಕೆಲಸ ಅಂತ ಇಲ್ಲ. ನಿಮ್ಮ ಭಾಗದ ಡ್ಯಾಂ ಅಥವಾ ಕೆರೆ ಕೆಲಸ ಯಾವ ಥರದ್ದು ಅಂತ ಈ ವಾರವೇ ಒಂದು ಸಲ ಹುಡುಕಿ ನೋಡಿ. ಆರು ಪ್ರಶ್ನೆಗಳನ್ನು ನಿಮ್ಮ ನೀರು ಬಳಕೆದಾರರ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿ.

ಮುಂದಿನ ವಾರ ಎರಡನೇ ಬೆಳೆಗೆ ಕಾಲುವೆ ನೀರು ಸಿಗದ ವರ್ಷ ಕಡಿಮೆ ನೀರಲ್ಲಿ ಏನು ಬೆಳೀಬಹುದು ಅಂತ ನೋಡೋಣ: ಅಲಸಂದಿ, ಕಡಲೆ, ಮತ್ತೆ ಭೂಮಿಗೆ ಹಸಿರೆಲೆ ಗೊಬ್ಬರವಾಗೋ ಸೆಣಬು.